ಮಕ್ಕಳಲ್ಲಿ ಅಪಸ್ಮಾರ

ಮಕ್ಕಳಲ್ಲಿ ಅಪಸ್ಮಾರವು ಮೆದುಳಿನ ನರಕೋಶಗಳಲ್ಲಿ ಹಠಾತ್ತನೆ ಉಂಟಾಗುವ ಅಸಹಜ ವಿದ್ಯುತ್ ಚಟುವಟಿಕೆಯ ಕಾರಣದಿಂದ ಸೆಳವುಗಳು ಮರುಕಳಿಸುವ ನರಸಂಬಂಧಿ ಕಾಯಿಲೆಯಾಗಿದೆ. ಕನ್ನಡದಲ್ಲಿ ಇದನ್ನು ಮೂರ್ಛೆರೋಗ ಎಂದೂ ಆಡುಮಾತಿನಲ್ಲಿ ಫಿಟ್ಸ್ ಎಂದೂ ಕರೆಯುವುದುಂಟು. ಬಾಲ್ಯದಲ್ಲಿ ಆರಂಭವಾಗುವ ಅಪಸ್ಮಾರವು ಬೆಳೆಯುತ್ತಿರುವ ಮೆದುಳನ್ನು ಬಾಧಿಸುವುದರಿಂದ ಅದರ ಪರಿಣಾಮ ಸೆಳವು ಬಂದ ಕೆಲವು ನಿಮಿಷಗಳಿಗೆ ಸೀಮಿತವಾಗಿರುವುದಿಲ್ಲ. ಗಮನ, ನೆನಪು, ಭಾಷೆ, ನಡವಳಿಕೆ ಮತ್ತು ಶಾಲಾ ಕಲಿಕೆಯ ಮೇಲೂ ಅದು ಪ್ರಭಾವ ಬೀರಬಲ್ಲದು. ಈ ತೊಂದರೆಗಳು ಅನೇಕ ಸಲ ಸೋಮಾರಿತನ, ಹಠಮಾರಿತನ ಅಥವಾ ದಡ್ಡತನವೆಂದು ತಪ್ಪಾಗಿ ಗ್ರಹಿಸಲ್ಪಡುತ್ತವೆ. ಅಪಸ್ಮಾರವು ಸಾಂಕ್ರಾಮಿಕವಲ್ಲ, ಮಾನಸಿಕ ಕಾಯಿಲೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದ್ದು, ಸರಿಯಾದ ರೋಗನಿರ್ಣಯ ಮತ್ತು ಔಷಧ ದೊರೆತರೆ ಅವರಲ್ಲಿ ಶೇಕಡಾ 70ರಷ್ಟು ಮಂದಿ ಸೆಳವಿಲ್ಲದೆ ಬದುಕಬಲ್ಲರು.

ಹೆಸರು ಮತ್ತು ವ್ಯಾಖ್ಯೆ

'ಅಪಸ್ಮಾರ' ಎಂಬುದು ಸಂಸ್ಕೃತ ಮೂಲದ ಪದ. 'ಸ್ಮಾರ' ಎಂದರೆ ನೆನಪು, 'ಅಪ' ಎಂದರೆ ಅದರಿಂದ ದೂರವಾಗುವುದು. ಚರಕ ಸಂಹಿತೆಯು ಈ ಕಾಯಿಲೆಗೆ ಪ್ರತ್ಯೇಕ ಅಧ್ಯಾಯಗಳನ್ನು ಮೀಸಲಿಟ್ಟು, ವಾತ, ಪಿತ್ತ, ಕಫ ಮತ್ತು ಸನ್ನಿಪಾತ ಎಂಬ ನಾಲ್ಕು ಬಗೆಗಳನ್ನು ಹೇಳುತ್ತದೆ. ನಟರಾಜನ ಪಾದದಡಿಯಲ್ಲಿ ಬಿದ್ದಿರುವ ಕುಬ್ಜಾಕೃತಿಗೂ ಶಿಲ್ಪಶಾಸ್ತ್ರದಲ್ಲಿ ಅಪಸ್ಮಾರ ಪುರುಷನೆಂದೇ ಹೆಸರು.

ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಒಕ್ಕೂಟವು 2014ರಲ್ಲಿ ಪರಿಷ್ಕರಿಸಿದ ವ್ಯಾಖ್ಯೆಯ ಪ್ರಕಾರ, ಸ್ಪಷ್ಟ ಪ್ರಚೋದನೆಯಿಲ್ಲದೆ 24 ಗಂಟೆಗಳಿಗಿಂತ ಹೆಚ್ಚಿನ ಅಂತರದಲ್ಲಿ ಎರಡು ಸೆಳವುಗಳು ಬಂದರೆ, ಅಥವಾ ಒಂದೇ ಸೆಳವು ಬಂದಿದ್ದು ಅದು ಮರುಕಳಿಸುವ ಸಂಭವ ಹೆಚ್ಚಾಗಿದ್ದರೆ, ಅಥವಾ ನಿರ್ದಿಷ್ಟ ಅಪಸ್ಮಾರ ಲಕ್ಷಣಕೂಟವೊಂದು ಪತ್ತೆಯಾದರೆ ಅದನ್ನು ಅಪಸ್ಮಾರವೆಂದು ಪರಿಗಣಿಸಲಾಗುತ್ತದೆ. ಆದ್ದರಿಂದ ಒಮ್ಮೆ ಸೆಳವು ಬಂದ ಮಗುವಿಗೆಲ್ಲ ಅಪಸ್ಮಾರವಿದೆ ಎನ್ನುವಂತಿಲ್ಲ. ಆರು ತಿಂಗಳಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇಕಡಾ 2ರಿಂದ 5ರಷ್ಟು ಮಕ್ಕಳಿಗೆ ಜ್ವರದ ಜೊತೆಗೆ ಸೆಳವು ಬರುತ್ತದೆ. ಈ ಜ್ವರಸೆಳವು ಅಪಸ್ಮಾರದಿಂದ ಬೇರೆಯಾದುದು. ಬಹುಪಾಲು ಮಕ್ಕಳಲ್ಲಿ ಅದು ಕಲಿಕೆಗೆ ಯಾವ ಕುಂದನ್ನೂ ಉಂಟುಮಾಡದೆ ತಾನಾಗಿ ನಿಂತುಹೋಗುತ್ತದೆ.

ಕರ್ನಾಟಕದಲ್ಲಿ ವ್ಯಾಪ್ತಿ

ಅಪಸ್ಮಾರದ ಸಾಮುದಾಯಿಕ ಅಧ್ಯಯನದಲ್ಲಿ ಕರ್ನಾಟಕಕ್ಕೆ ಮುಖ್ಯ ಸ್ಥಾನವಿದೆ. ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ (ನಿಮ್ಹಾನ್ಸ್) ಎಂ. ಗೌರೀದೇವಿ ಮತ್ತು ಸಹೋದ್ಯೋಗಿಗಳು 1990ರ ದಶಕದಲ್ಲಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಪ್ರದೇಶಗಳ 1,02,557 ಜನರನ್ನು ಮನೆಮನೆಗೆ ಹೋಗಿ ಸಮೀಕ್ಷಿಸಿದರು. ಅದರಲ್ಲಿ ಅಪಸ್ಮಾರದ ಪ್ರಮಾಣ ಸಾವಿರಕ್ಕೆ 8.8ರಷ್ಟು ಕಂಡುಬಂದಿತು. ಗ್ರಾಮಾಂತರದಲ್ಲಿ ಇದು ಸಾವಿರಕ್ಕೆ 11.9 ಇದ್ದರೆ ನಗರದಲ್ಲಿ 5.7 ಇತ್ತು, ಅಂದರೆ ಹಳ್ಳಿಗಳಲ್ಲಿ ಕಾಯಿಲೆಯ ಹೊರೆ ಸುಮಾರು ಎರಡು ಪಟ್ಟು.

ಅದೇ ದಶಕದಲ್ಲಿ ನರವೈದ್ಯ ಕೆ.ಎಸ್. ಮಣಿ ಮತ್ತು ಸಂಗಡಿಗರು ಇಂದಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ಸುಮಾರು 65 ಸಾವಿರ ಜನರ ನಡುವೆ ಅಧ್ಯಯನ ಕೈಗೊಂಡರು. ಫಿನೋಬಾರ್ಬಿಟೋನ್ ಮತ್ತು ಫೆನಿಟಾಯಿನ್‌ನಂಥ ಅಗ್ಗದ ಔಷಧಗಳಿಂದಲೇ ಗ್ರಾಮೀಣ ರೋಗಿಗಳ ಸೆಳವುಗಳನ್ನು ಹತೋಟಿಗೆ ತರಲು ಸಾಧ್ಯ ಎಂಬುದನ್ನು ತೋರಿಸಿದ ಈ ಅಧ್ಯಯನದ ವರದಿ 2001ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು.

ಕಾರಣಗಳು

ಬಾಲ್ಯದ ಅಪಸ್ಮಾರಕ್ಕೆ ಕಾರಣಗಳು ಹಲವು. ಹೆರಿಗೆಯ ಸಮಯದಲ್ಲಿ ಮಗುವಿಗೆ ಆಮ್ಲಜನಕದ ಕೊರತೆಯಾಗುವುದು, ನವಜಾತ ಶಿಶುವಿನ ರಕ್ತದಲ್ಲಿ ಸಕ್ಕರೆಯ ಅಂಶ ತೀರಾ ಇಳಿಯುವುದು, ಮಿದುಳುಜ್ವರ ಮತ್ತು ಮೆದುಳುಪೊರೆಯ ಉರಿಯೂತ, ತಲೆಗೆ ಪೆಟ್ಟು, ಮೆದುಳಿನ ರಚನೆಯ ಜನ್ಮಜಾತ ದೋಷ ಹಾಗೂ ವಂಶವಾಹಿಗಳಲ್ಲಿನ ವ್ಯತ್ಯಾಸ ಇವುಗಳಲ್ಲಿ ಪ್ರಮುಖವಾದವು. ಲಾಡಿಹುಳುವಿನ ಮರಿಗಳು ಮೆದುಳಿನಲ್ಲಿ ಗಂಟುಕಟ್ಟುವ ನ್ಯೂರೋಸಿಸ್ಟಿಸರ್ಕೋಸಿಸ್ ಭಾರತದಲ್ಲಿ ಸಾಮಾನ್ಯವಾಗಿ ಕಾಣುವ, ತಡೆಯಬಹುದಾದ ಕಾರಣ. ಹುಳುವಿನ ಮೊಟ್ಟೆಗಳು ಮಲಿನ ನೀರು, ತೊಳೆಯದ ಹಸಿ ತರಕಾರಿ ಮತ್ತು ಕೊಳಕು ಕೈಗಳ ಮೂಲಕ ದೇಹವನ್ನು ಸೇರುವುದರಿಂದ ಶುದ್ಧ ಸಸ್ಯಾಹಾರಿಗಳ ಮಕ್ಕಳಲ್ಲಿಯೂ ಇದು ಕಾಣಿಸಿಕೊಳ್ಳುತ್ತದೆ. ಅನೇಕ ಮಕ್ಕಳಲ್ಲಿ ಎಷ್ಟು ಪರೀಕ್ಷಿಸಿದರೂ ನಿರ್ದಿಷ್ಟ ಕಾರಣ ತಿಳಿದುಬರುವುದಿಲ್ಲ.

ಕಾರಣಕ್ಕೂ ಕಲಿಕೆಗೂ ನಿಕಟ ಸಂಬಂಧವಿದೆ. ಹೆರಿಗೆಯ ವೇಳೆ ಮೆದುಳಿಗೆ ಹಾನಿಯಾದ ಮಗುವಿನಲ್ಲಿ ಸೆಳವು ಮತ್ತು ಬುದ್ಧಿಬೆಳವಣಿಗೆಯ ಕುಂಠಿತ ಎರಡೂ ಒಂದೇ ಮೂಲದಿಂದ ಹುಟ್ಟಿರುತ್ತವೆ. ಅಂಥ ಮಗುವಿನಲ್ಲಿ ಸೆಳವು ನಿಂತರೂ ಕಲಿಕೆಯ ತೊಂದರೆ ಉಳಿಯಬಹುದು. ಮೆದುಳಿನ ರಚನೆ ಸಹಜವಾಗಿರುವ ಮಗುವಿನ ಭವಿಷ್ಯ ಸಾಮಾನ್ಯವಾಗಿ ಇದಕ್ಕಿಂತ ಉತ್ತಮ.

ಸೆಳವಿನ ಬಗೆಗಳು

ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಮೈ ಜಾಡಿಸುವ ಸೆಳವನ್ನು ಯಾರಾದರೂ ಗುರುತಿಸಬಲ್ಲರು. ಆದರೆ ಮಕ್ಕಳಲ್ಲಿ ಕಾಣುವ ಎಲ್ಲ ಸೆಳವುಗಳೂ ಹೀಗಿರುವುದಿಲ್ಲ.

ಶೂನ್ಯದೃಷ್ಟಿ ಸೆಳವು: ಹೆಚ್ಚಾಗಿ 4ರಿಂದ 10 ವರ್ಷದ ಮಕ್ಕಳಲ್ಲಿ ಆರಂಭವಾಗುತ್ತದೆ. ಓದುತ್ತಿದ್ದ ಅಥವಾ ಮಾತಾಡುತ್ತಿದ್ದ ಮಗು ಇದ್ದಕ್ಕಿದ್ದಂತೆ ನಿಂತು, ಐದರಿಂದ ಇಪ್ಪತ್ತು ಸೆಕೆಂಡು ನೆಟ್ಟ ನೋಟದಲ್ಲಿದ್ದು, ಬಳಿಕ ಏನೂ ಆಗಿಲ್ಲವೆಂಬಂತೆ ಕೆಲಸ ಮುಂದುವರಿಸುತ್ತದೆ. ಮಗು ಬೀಳುವುದಿಲ್ಲ. ಇಂಥ ಸೆಳವು ದಿನಕ್ಕೆ ಹತ್ತಾರು ಸಲ ಬರಬಹುದು. ಉಕ್ತಲೇಖನದಲ್ಲಿ ನಡುವೆ ಪದಗಳು ತಪ್ಪಿಹೋಗುವುದು, ಲೆಕ್ಕದ ಒಂದು ಹಂತ ಬಿಟ್ಟುಹೋಗುವುದು ಇದರ ಸುಳಿವಾಗಿರಬಹುದು. ಕನಸು ಕಾಣುತ್ತಿರುವ ಮಗುವಿನ ಹೆಸರು ಹಿಡಿದು ಕರೆದರೆ ಅಥವಾ ಭುಜ ಮುಟ್ಟಿದರೆ ಅದು ಎಚ್ಚೆತ್ತುಕೊಳ್ಳುತ್ತದೆ. ಸೆಳವಿನಲ್ಲಿರುವ ಮಗು ಎಚ್ಚೆತ್ತುಕೊಳ್ಳುವುದಿಲ್ಲ.

ಭಾಗಶಃ ಸೆಳವು: ಮೆದುಳಿನ ಒಂದು ಭಾಗದಲ್ಲಿ ಆರಂಭವಾಗುತ್ತದೆ. ಮಗು ಗೊಂದಲಗೊಂಡಂತೆ ತುಟಿ ಚಪ್ಪರಿಸುವುದು, ಗುಂಡಿ ತಡಕುವುದು, ಗುರಿಯಿಲ್ಲದೆ ನಡೆದಾಡುವುದು, ಕಾರಣವಿಲ್ಲದೆ ಭಯಪಡುವುದು ಕಾಣಬಹುದು. ಇದನ್ನು ದುರ್ವರ್ತನೆಯೆಂದು ಭಾವಿಸಿ ಮಗುವನ್ನು ಶಿಕ್ಷಿಸುವ ಸಂಭವವಿರುತ್ತದೆ.

ನಿದ್ರೆಯಲ್ಲಿ ಬರುವ ಸೆಳವು: ಬಾಲ್ಯದ ರೋಲ್ಯಾಂಡಿಕ್ ಅಪಸ್ಮಾರದಲ್ಲಿ ಮುಖದ ಒಂದು ಪಕ್ಕ ಅದುರುವುದು, ಜೊಲ್ಲು ಸುರಿಯುವುದು, ಮಾತು ನಿಲ್ಲುವುದು ಹೆಚ್ಚಾಗಿ ರಾತ್ರಿ ಕಂಡುಬರುತ್ತದೆ. ಬಹುತೇಕ ಮಕ್ಕಳಲ್ಲಿ ಹದಿಹರೆಯದ ಹೊತ್ತಿಗೆ ಇದು ಮಾಯವಾಗುತ್ತದೆ.

ಶಿಶುಸೆಳವು: ಇಂಗ್ಲಿಷ್ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ 1841ರಲ್ಲಿ ತನ್ನ ಸ್ವಂತ ಮಗನ ಕಾಯಿಲೆಯನ್ನು ವಿವರಿಸಿ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದ ಪತ್ರದಿಂದ ಇದು ವೆಸ್ಟ್ ಲಕ್ಷಣಕೂಟವೆಂದು ಹೆಸರಾಯಿತು. ಮೊದಲ ವರ್ಷದೊಳಗಿನ ಕೂಸು ತಲೆಬಾಗಿ ಕೈಗಳನ್ನು ಚಾಚುವ ಸಣ್ಣ ಸೆಳೆತಗಳು ಸಾಲುಸಾಲಾಗಿ ಬರುತ್ತವೆ. ಇದನ್ನು ಹೊಟ್ಟೆನೋವು ಅಥವಾ ಬೆಚ್ಚಿಬೀಳುವಿಕೆ ಎಂದುಕೊಳ್ಳುವುದು ಸಾಮಾನ್ಯ. ಚಿಕಿತ್ಸೆ ತಡವಾದಷ್ಟೂ ಬುದ್ಧಿಬೆಳವಣಿಗೆಗೆ ಆಗುವ ಹಾನಿ ಹೆಚ್ಚು. ಆದ್ದರಿಂದ ಇದನ್ನು ತುರ್ತುಸ್ಥಿತಿಯೆಂದೇ ಪರಿಗಣಿಸಲಾಗುತ್ತದೆ.

ಬಿಸಿನೀರಿನ ಅಪಸ್ಮಾರ

ತಲೆಯ ಮೇಲೆ ಬಿಸಿನೀರು ಸುರಿದುಕೊಂಡಾಗ ಸೆಳವು ಬರುವ ಈ ವಿಶಿಷ್ಟ ಬಗೆಯು ಜಗತ್ತಿನ ಇತರೆಡೆಗಳಲ್ಲಿ ವಿರಳವಾಗಿದ್ದು, ದಕ್ಷಿಣ ಕರ್ನಾಟಕದಲ್ಲಿ ಗಮನಾರ್ಹ ಪ್ರಮಾಣದಲ್ಲಿದೆ. ನಿಮ್ಹಾನ್ಸ್‌ನ ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 1988ರಲ್ಲಿ ಇಂಥ 279 ರೋಗಿಗಳ ವಿವರಗಳನ್ನು ಪ್ರಕಟಿಸಿದರು. ಇದು ಮಕ್ಕಳಲ್ಲಿ, ಅದರಲ್ಲೂ ಗಂಡುಮಕ್ಕಳಲ್ಲಿ ಹೆಚ್ಚು. ಹಂಡೆಯಿಂದ ಚೊಂಬಿನಲ್ಲಿ ಮೊಗೆದು ತಲೆಯ ಮೇಲೆ ಬಿಡುವಿಲ್ಲದೆ ಬಿಸಿನೀರು ಹುಯ್ಯುವ ಪದ್ಧತಿಯು ಇದನ್ನು ಪ್ರಚೋದಿಸುತ್ತದೆ. ಕೆಲವು ಕುಟುಂಬಗಳಲ್ಲಿ ಹಲವರಿಗೆ ಇದು ಇರುವುದರಿಂದ ವಂಶವಾಹಿಗಳ ಪಾತ್ರವನ್ನು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಅಧ್ಯಯನ ಮಾಡಿ, 10 ಮತ್ತು 4ನೆಯ ವರ್ಣತಂತುಗಳ ಕೆಲವು ಭಾಗಗಳೊಂದಿಗೆ ಇದರ ಸಂಬಂಧವನ್ನು ಗುರುತಿಸಿದ್ದಾರೆ.

ನೀರಿನ ಬಿಸಿ ಕಡಿಮೆ ಮಾಡುವುದು, ಮೊದಲು ಮೈಗೆ ಸ್ನಾನ ಮಾಡಿಸಿ ತಲೆಗೆ ಉಗುರುಬೆಚ್ಚಗಿನ ನೀರು ಬಳಸುವುದು ಅನೇಕರಿಗೆ ಸಾಕಾಗುತ್ತದೆ. ಸಾಲದಿದ್ದರೆ ತಲೆಸ್ನಾನಕ್ಕೆ ಮುಂಚೆ ವೈದ್ಯರ ಸಲಹೆಯಂತೆ ಕ್ಲೋಬಜಾಮ್ ಮಾತ್ರೆ ಕೊಡಲಾಗುತ್ತದೆ. ಹೀಗಾಗಿ ಈ ಮಕ್ಕಳಲ್ಲಿ ಹಲವರು ವರ್ಷವಿಡೀ ಔಷಧ ಸೇವಿಸುವ ಅಗತ್ಯವಿರುವುದಿಲ್ಲ.

ಕಲಿಕೆಯ ಮೇಲಿನ ಪರಿಣಾಮ

ಅಪಸ್ಮಾರವಿರುವ ಅನೇಕ ಮಕ್ಕಳ ಬುದ್ಧಿಶಕ್ತಿ ಸಹಜವಾಗಿಯೇ ಇರುತ್ತದೆ. ಆದರೂ ಅವರ ಶಾಲಾ ಸಾಧನೆ ಬುದ್ಧಿಶಕ್ತಿಗೆ ತಕ್ಕಂತೆ ಇಲ್ಲದಿರುವುದು ಸಾಮಾನ್ಯವಾಗಿ ಕಂಡುಬರುತ್ತದೆ. ಇದಕ್ಕೆ ಮೂರು ಬಗೆಯ ಕಾರಣಗಳನ್ನು ಗುರುತಿಸಬಹುದು.

ಮೊದಲನೆಯದು ಮೆದುಳಿಗೆ ಸಂಬಂಧಿಸಿದ್ದು. ಎಡಬದಿಯ ಟೆಂಪೊರಲ್ ಹಾಲೆಯಲ್ಲಿ ಸೆಳವು ಹುಟ್ಟುವ ಮಗುವಿಗೆ ಕೇಳಿದ ಪಾಠವನ್ನು ನೆನಪಿಟ್ಟುಕೊಳ್ಳುವುದು ಕಷ್ಟವಾಗಬಹುದು. ಮುಂಭಾಗದ ಹಾಲೆಯಲ್ಲಿ ಹುಟ್ಟುವ ಸೆಳವು ಯೋಜನೆ, ಕ್ರಮಬದ್ಧತೆ ಮತ್ತು ಆತ್ಮನಿಯಂತ್ರಣವನ್ನು ಬಾಧಿಸಬಹುದು. ಹೊರಗೆ ಸೆಳವು ಕಾಣದಿದ್ದರೂ ನಿದ್ರೆಯಲ್ಲಿ ಎಡೆಬಿಡದೆ ನಡೆಯುವ ವಿದ್ಯುತ್ ಚಟುವಟಿಕೆಯು ಹಿಂದಿನ ದಿನ ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳದಂತೆ ಮಾಡಬಲ್ಲದು. 1957ರಲ್ಲಿ ಮೊದಲು ವಿವರಿಸಲಾದ ಲ್ಯಾಂಡೌ-ಕ್ಲೆಫ್ನರ್ ಲಕ್ಷಣಕೂಟದಲ್ಲಿ, ಚೆನ್ನಾಗಿ ಮಾತಾಡುತ್ತಿದ್ದ ಮಗು ಕ್ರಮೇಣ ಮಾತನ್ನು ಅರ್ಥಮಾಡಿಕೊಳ್ಳುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಇಂಥ ಮಗು ಕಿವುಡೆಂದು ತಪ್ಪಾಗಿ ಭಾವಿಸಲ್ಪಡಬಹುದು.

ಎರಡನೆಯದು ದಿನಚರಿಗೆ ಸಂಬಂಧಿಸಿದ್ದು. ಸೆಳವಿನ ಬಳಿಕದ ಮಂಕು ಮತ್ತು ನಿದ್ರೆ, ರಾತ್ರಿ ಸೆಳವಿನಿಂದ ಕೆಡುವ ನಿದ್ರೆ, ಆಸ್ಪತ್ರೆಗೆ ಓಡಾಟ ಇವೆಲ್ಲ ಸೇರಿ ಪಾಠದ ಕೊಂಡಿ ತಪ್ಪುತ್ತದೆ. ಗಣಿತದಂಥ ವಿಷಯದಲ್ಲಿ ಒಮ್ಮೆ ತಪ್ಪಿದ ಕೊಂಡಿಯನ್ನು ಮತ್ತೆ ಸೇರಿಸುವುದು ಸುಲಭವಲ್ಲ.

ಮೂರನೆಯದು ಸುತ್ತಲಿನವರ ನಿರೀಕ್ಷೆಗೆ ಸಂಬಂಧಿಸಿದ್ದು. 'ತಲೆಗೆ ಶ್ರಮವಾಗಬಾರದು' ಎಂದು ಮನೆಯವರು ಓದಿಸುವುದನ್ನೇ ಬಿಡುವುದು, ಶಿಕ್ಷಕರು ಪ್ರಶ್ನೆ ಕೇಳದೆ ಇರುವುದು, ಆಟಕ್ಕೆ ಸೇರಿಸದಿರುವುದು ಮಗುವನ್ನು ಸೆಳವಿಗಿಂತ ಹೆಚ್ಚು ಹಿಂದಕ್ಕೆ ತಳ್ಳಬಲ್ಲವು. ಓದಿದ್ದರಿಂದ ಅಪಸ್ಮಾರ ಹೆಚ್ಚುತ್ತದೆ ಎಂಬ ನಂಬಿಕೆಗೆ ಸಾಮಾನ್ಯವಾಗಿ ಆಧಾರವಿಲ್ಲ. ಓದುವ ಕ್ರಿಯೆಯೇ ಸೆಳವನ್ನು ಪ್ರಚೋದಿಸುವ ಬಗೆ ಇದೆಯಾದರೂ ಅದು ತೀರಾ ಅಪರೂಪ.

ಬ್ರಿಟನ್ನಿನ ಸಸೆಕ್ಸ್ ಪ್ರದೇಶದ ಶಾಲಾ ಮಕ್ಕಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಅಪಸ್ಮಾರವಿದ್ದ ಮಕ್ಕಳ ಪೈಕಿ ಶೇಕಡಾ 80ರಷ್ಟು ಮಂದಿಯಲ್ಲಿ ನಡವಳಿಕೆಯ ತೊಂದರೆ ಅಥವಾ ಬೌದ್ಧಿಕ ತೊಂದರೆ ಅಥವಾ ಎರಡೂ ಇದ್ದವು. ಅವರಲ್ಲಿ ಮೊದಲೇ ಆ ತೊಂದರೆ ಪತ್ತೆಯಾಗಿದ್ದವರು ಸುಮಾರು ಮೂರನೆಯ ಒಂದು ಭಾಗ ಮಾತ್ರ.

ನಡವಳಿಕೆ ಮತ್ತು ಮನಸ್ಸು

ಅಪಸ್ಮಾರ ಮತ್ತು ನಡವಳಿಕೆಯ ಸಂಬಂಧವನ್ನು ಅಂಕಿಅಂಶಗಳಿಂದ ಸ್ಪಷ್ಟಪಡಿಸಿದ ಆರಂಭಿಕ ಅಧ್ಯಯನವು 1960ರ ದಶಕದಲ್ಲಿ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದಲ್ಲಿ ಮೈಕಲ್ ರಟ್ಟರ್ ಮತ್ತು ಸಂಗಡಿಗರಿಂದ ನಡೆಯಿತು. ಸಾಮಾನ್ಯ ಮಕ್ಕಳಲ್ಲಿ ಸುಮಾರು ಶೇಕಡಾ 7ರಷ್ಟಿದ್ದ ಮಾನಸಿಕ ಹಾಗೂ ನಡವಳಿಕೆಯ ತೊಂದರೆಗಳು, ನರಮಂಡಲಕ್ಕೆ ಸಂಬಂಧಿಸದ ದೀರ್ಘಕಾಲದ ಕಾಯಿಲೆಯಿದ್ದ ಮಕ್ಕಳಲ್ಲಿ ಶೇಕಡಾ 12ರಷ್ಟು, ಮೆದುಳಿನ ಹಾನಿ ಕಾಣದ ಅಪಸ್ಮಾರದಲ್ಲಿ ಶೇಕಡಾ 29ರಷ್ಟು ಹಾಗೂ ಮೆದುಳಿನ ಹಾನಿಯೊಂದಿಗಿನ ಅಪಸ್ಮಾರದಲ್ಲಿ ಶೇಕಡಾ 58ರಷ್ಟು ಕಂಡುಬಂದವು. ದೀರ್ಘಕಾಲ ಕಾಯಿಲೆಯಿಂದ ನರಳುವ ಸಂಕಟವೊಂದೇ ಈ ತೊಂದರೆಗಳಿಗೆ ಕಾರಣವಲ್ಲ, ಮೆದುಳಿನ ಸ್ಥಿತಿಯೂ ಕಾರಣ ಎಂಬುದು ಈ ಹೋಲಿಕೆಯಿಂದ ತಿಳಿಯುತ್ತದೆ.

ಗಮನದ ಕೊರತೆ ಮತ್ತು ಅತಿಚಟುವಟಿಕೆ ಅತ್ಯಂತ ಸಾಮಾನ್ಯ ತೊಂದರೆ. ಅಪಸ್ಮಾರದ ಮಕ್ಕಳಲ್ಲಿ ಇದು ಬಹಳ ಸಲ ಜಿಗಿದಾಟದ ರೂಪದಲ್ಲಿರದೆ, ಸುಮ್ಮನೆ ಕುಳಿತಿದ್ದರೂ ಮನಸ್ಸು ನಿಲ್ಲದ ರೂಪದಲ್ಲಿರುತ್ತದೆ. ತರಗತಿಗೆ ಅಡ್ಡಿಯಾಗದ ಕಾರಣ ಯಾರ ಗಮನಕ್ಕೂ ಬರುವುದಿಲ್ಲ. ಆತಂಕ, ಖಿನ್ನತೆ, ಸಿಡುಕು, ಆಟಿಸಂ ಲಕ್ಷಣಗಳು ಕೂಡ ಸಾಮಾನ್ಯ ಮಕ್ಕಳಿಗಿಂತ ಹೆಚ್ಚು. ಹದಿಹರೆಯದಲ್ಲಿ 'ಎಲ್ಲರ ಮುಂದೆ ಬಿದ್ದುಬಿಡುತ್ತೇನೆ' ಎಂಬ ಅಂಜಿಕೆಯಿಂದ ಮಗು ಶಾಲೆಗೆ, ಸಮಾರಂಭಗಳಿಗೆ ಹೋಗುವುದನ್ನು ತಪ್ಪಿಸಬಹುದು.

ಕೆಲವು ಮಕ್ಕಳಲ್ಲಿ ಗಮನದ ಅಥವಾ ನಡವಳಿಕೆಯ ತೊಂದರೆ ಮೊದಲ ಸೆಳವಿಗೂ ಮುಂಚೆಯೇ ಕಾಣಿಸಿಕೊಂಡಿರುತ್ತದೆ. ಆದ್ದರಿಂದ ಇವನ್ನು ಸೆಳವಿನ ಅಥವಾ ಮಾತ್ರೆಯ ದುಷ್ಪರಿಣಾಮವೆಂದು ಮಾತ್ರ ನೋಡದೆ, ಒಂದೇ ನರಸಂಬಂಧಿ ಸ್ಥಿತಿಯ ಬೇರೆ ಬೇರೆ ಮುಖಗಳೆಂದು ನೋಡುವುದು ಈಗಿನ ವೈದ್ಯಕೀಯ ನಿಲುವು.

ಔಷಧಗಳ ಪಾತ್ರ

ಸೆಳವು ತಡೆಯುವ ಔಷಧಗಳು ಕಲಿಕೆಗೆ ನೆರವಾಗುತ್ತವೆ. ಕೆಲವೊಮ್ಮೆ ಅಡ್ಡಿಯನ್ನೂ ಮಾಡುತ್ತವೆ. ಫಿನೋಬಾರ್ಬಿಟೋನ್ ಅಗ್ಗವಾದರೂ ಕೆಲವು ಮಕ್ಕಳಲ್ಲಿ ಅತಿಚಟುವಟಿಕೆ ಮತ್ತು ಸಿಡುಕನ್ನು, ಇನ್ನು ಕೆಲವರಲ್ಲಿ ಮಂಪರನ್ನು ಉಂಟುಮಾಡುತ್ತದೆ. ಟೋಪಿರಮೇಟ್ ಸೇವಿಸುವ ಮಕ್ಕಳಿಗೆ ಪದಗಳು ಥಟ್ಟನೆ ಹೊಳೆಯದಿರಬಹುದು. ಲೆವೆಟಿರಾಸಿಟಾಮ್‌ನಿಂದ ಕೆಲವರಲ್ಲಿ ಕೋಪ ಮತ್ತು ಅಳು ಹೆಚ್ಚುತ್ತದೆ. ಒಂದಕ್ಕಿಂತ ಹೆಚ್ಚು ಔಷಧಗಳನ್ನು ಒಟ್ಟಿಗೆ ಸೇವಿಸಿದಾಗ ಇಂಥ ಪರಿಣಾಮಗಳು ಹೆಚ್ಚು.

ಅಮೆರಿಕದಲ್ಲಿ ಶೂನ್ಯದೃಷ್ಟಿ ಸೆಳವಿದ್ದ 453 ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವು ಈ ದೃಷ್ಟಿಯಿಂದ ಮುಖ್ಯವಾದುದು. ಸೆಳವನ್ನು ನಿಲ್ಲಿಸುವುದರಲ್ಲಿ ಎಥೋಸಕ್ಸಿಮೈಡ್ ಮತ್ತು ವಾಲ್‌ಪ್ರೊಯೇಟ್ ಸರಿಸಮವಾಗಿದ್ದವು. ಆದರೆ ಗಮನದ ತೊಂದರೆ ವಾಲ್‌ಪ್ರೊಯೇಟ್ ಪಡೆದ ಮಕ್ಕಳಲ್ಲಿ ಶೇಕಡಾ 49ರಷ್ಟಿದ್ದರೆ ಎಥೋಸಕ್ಸಿಮೈಡ್ ಪಡೆದವರಲ್ಲಿ ಶೇಕಡಾ 33ರಷ್ಟಿತ್ತು. ಸೆಳವು ಪೂರ್ತಿ ನಿಂತ ಮಕ್ಕಳಲ್ಲಿಯೂ ಗಮನದ ತೊಂದರೆ ಉಳಿದಿರಬಹುದೆಂಬುದು ಇದೇ ಪ್ರಯೋಗದಿಂದ ತಿಳಿದ ಇನ್ನೊಂದು ಸಂಗತಿ. ಗರ್ಭಿಣಿ ವಾಲ್‌ಪ್ರೊಯೇಟ್ ಸೇವಿಸಿದರೆ ಶಿಶುವಿನ ಅಂಗರಚನೆಗೂ ಬುದ್ಧಿಬೆಳವಣಿಗೆಗೂ ಅಪಾಯವಿರುವುದರಿಂದ ಹದಿಹರೆಯದ ಹೆಣ್ಣುಮಕ್ಕಳಿಗೆ ಈ ಔಷಧ ಕೊಡುವ ಮುನ್ನ ವಿಶೇಷ ಎಚ್ಚರ ವಹಿಸಲಾಗುತ್ತದೆ.

ಅಡ್ಡಪರಿಣಾಮ ಕಂಡಾಗ ಮಾತ್ರೆಯನ್ನು ಏಕಾಏಕಿ ನಿಲ್ಲಿಸುವುದು ಅಪಾಯಕಾರಿ. ಇದರಿಂದ ಎಡೆಬಿಡದೆ ಸೆಳವು ಬಂದು ಪ್ರಾಣಕ್ಕೆ ಕುತ್ತಾಗಬಹುದು. ಪ್ರಮಾಣ ಅಥವಾ ಔಷಧವನ್ನು ವೈದ್ಯರೇ ಹಂತಹಂತವಾಗಿ ಬದಲಿಸಬೇಕು.

ರೋಗನಿರ್ಣಯ ಮತ್ತು ಕಲಿಕೆಯ ಮೌಲ್ಯಮಾಪನ

ಅಪಸ್ಮಾರದ ನಿರ್ಣಯಕ್ಕೆ ಮೊದಲ ಆಧಾರ ಕಣ್ಣಾರೆ ಕಂಡವರ ವಿವರಣೆ. ಮೊಬೈಲ್ ಫೋನಿನಲ್ಲಿ ಚಿತ್ರೀಕರಿಸಿದ ಸೆಳವಿನ ದೃಶ್ಯ ವೈದ್ಯರಿಗೆ ಬಹಳ ನೆರವಾಗುತ್ತದೆ. ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಮತ್ತು ರಚನೆಯನ್ನು ತೋರಿಸುವ ಎಂಆರ್‌ಐ ಮುಖ್ಯ ಪರೀಕ್ಷೆಗಳು. ಇಇಜಿ ಸಹಜವಾಗಿದ್ದ ಮಾತ್ರಕ್ಕೆ ಅಪಸ್ಮಾರವಿಲ್ಲ ಎನ್ನಲಾಗದು.

ಕಲಿಕೆಯಲ್ಲಿ ಹಿಂದುಳಿದ ಮಗುವಿಗೆ ಬುದ್ಧಿಮಾಪನ ಮತ್ತು ಕಲಿಕಾ ಪರೀಕ್ಷೆಗಳನ್ನು ಮನಶ್ಶಾಸ್ತ್ರಜ್ಞರು ನಡೆಸುತ್ತಾರೆ. ಭಾರತದಲ್ಲಿ ಇಂದಿಗೂ ಬಳಕೆಯಲ್ಲಿರುವ ಬಿನೆ-ಕಾಮತ್ ಪರೀಕ್ಷೆಯು ಕರ್ನಾಟಕದಲ್ಲೇ ರೂಪುಗೊಂಡದ್ದು. ವಿ.ವಿ. ಕಾಮತ್ ಅವರು 1930ರ ದಶಕದಲ್ಲಿ ಧಾರವಾಡದಲ್ಲಿ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಇದನ್ನು ಅಳವಡಿಸಿದರು. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ಗುರುತಿಸಲು ನಿಮ್ಹಾನ್ಸ್ ಸಿದ್ಧಪಡಿಸಿದ ಪರೀಕ್ಷೆಗಳ ಗುಚ್ಛವು ಸರ್ಕಾರಿ ಪ್ರಮಾಣಪತ್ರಕ್ಕೆ ಮಾನ್ಯವಾಗಿದೆ.

ಪರೀಕ್ಷೆಯ ಭಾಷೆ ಮಗುವಿನ ಮನೆಮಾತಾಗಿರಬೇಕಾದುದು ಅಗತ್ಯ. ಕನ್ನಡ, ಉರ್ದು, ಮರಾಠಿ, ತೆಲುಗು ಮತ್ತು ಲಂಬಾಣಿ ಭಾಷೆಗಳು ಬೆರೆತಿರುವ ಕಲಬುರಗಿಯಂಥ ಜಿಲ್ಲೆಯಲ್ಲಿ ಈ ಮಾತಿಗೆ ವಿಶೇಷ ಮಹತ್ವವಿದೆ. ಶಾಲೆಯ ಕನ್ನಡಕ್ಕೆ ಇನ್ನೂ ಹೊಂದಿಕೊಳ್ಳದ ತಾಂಡಾದ ಮಗುವನ್ನು ಕನ್ನಡದಲ್ಲಿ ಮಾತ್ರ ಪರೀಕ್ಷಿಸಿದರೆ, ಭಾಷೆಯ ಅಪರಿಚಿತತೆಯೇ ಬುದ್ಧಿಯ ಕೊರತೆಯಾಗಿ ದಾಖಲಾಗಬಹುದು.

ಚಿಕಿತ್ಸೆ

ಸುಮಾರು ಮೂರನೆಯ ಎರಡು ಭಾಗದಷ್ಟು ಮಕ್ಕಳಲ್ಲಿ ಒಂದು ಅಥವಾ ಎರಡು ಔಷಧಗಳಿಂದ ಸೆಳವು ಹತೋಟಿಗೆ ಬರುತ್ತದೆ. ಎರಡು ವರ್ಷ ಸೆಳವಿಲ್ಲದೆ ಕಳೆದ ಬಳಿಕ, ಅಪಸ್ಮಾರದ ಬಗೆಯನ್ನು ಗಮನಿಸಿ, ಔಷಧವನ್ನು ನಿಧಾನವಾಗಿ ಇಳಿಸುವ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಔಷಧಗಳಿಗೆ ಬಗ್ಗದ ಅಪಸ್ಮಾರಕ್ಕೆ ಕೊಬ್ಬು ಹೆಚ್ಚಾಗಿ ಪಿಷ್ಟ ಬಹಳ ಕಡಿಮೆ ಇರುವ ಕೀಟೋಜೆನಿಕ್ ಪಥ್ಯ ಮತ್ತು ಶಸ್ತ್ರಚಿಕಿತ್ಸೆಯ ಆಯ್ಕೆಗಳಿವೆ. ಕೀಟೋಜೆನಿಕ್ ಪಥ್ಯವು 1921ರಿಂದ ಬಳಕೆಯಲ್ಲಿದ್ದು, ವೈದ್ಯರ ಮತ್ತು ಆಹಾರತಜ್ಞರ ಮೇಲ್ವಿಚಾರಣೆಯಲ್ಲಿಯೇ ನಡೆಯಬೇಕು. ಶಸ್ತ್ರಚಿಕಿತ್ಸೆಯು ನಿಮ್ಹಾನ್ಸ್ ಸೇರಿದಂತೆ ದೇಶದ ಕೆಲವು ಕೇಂದ್ರಗಳಲ್ಲಿ ಲಭ್ಯವಿದೆ.

ಗಮನದ ಕೊರತೆ ತೀವ್ರವಾಗಿದ್ದರೆ ಅದಕ್ಕೂ ಪ್ರತ್ಯೇಕ ಚಿಕಿತ್ಸೆ ಕೊಡಬಹುದು. ಇದಕ್ಕೆ ಬಳಸುವ ಮಿಥೈಲ್‌ಫೆನಿಡೇಟ್ ಸೆಳವನ್ನು ಹೆಚ್ಚಿಸುತ್ತದೆಂಬ ಹಿಂದಿನ ಅಂಜಿಕೆ ಬಹುಮಟ್ಟಿಗೆ ದೂರವಾಗಿದೆ. ನಡವಳಿಕೆ ತರಬೇತಿ, ಮಾತಿನ ತರಬೇತಿ, ಪೋಷಕರಿಗೆ ಆಪ್ತಸಲಹೆ ಮತ್ತು ವಿಶೇಷ ಶಿಕ್ಷಣ ಚಿಕಿತ್ಸೆಯ ಭಾಗಗಳೇ ಆಗಿವೆ.

ಶಾಲೆಯಲ್ಲಿ ಅನುಸರಿಸಬಹುದಾದ ಕ್ರಮಗಳು

ಅಪಸ್ಮಾರವಿರುವ ಬಹುತೇಕ ಮಕ್ಕಳು ಸಾಮಾನ್ಯ ಶಾಲೆಯಲ್ಲಿಯೇ ಕಲಿಯಬಲ್ಲರು. ಮಗುವನ್ನು ಮುಂದಿನ ಸಾಲಿನಲ್ಲಿ ಕೂರಿಸುವುದು, ಸೂಚನೆಗಳನ್ನು ಚಿಕ್ಕದಾಗಿ ಒಂದೊಂದೇ ಕೊಡುವುದು, ಮುಖ್ಯಾಂಶಗಳನ್ನು ಬರೆದುಕೊಡುವುದು, ಸೆಳವಿನಿಂದ ತಪ್ಪಿದ ಪಾಠವನ್ನು ಮರುದಿನ ಹೇಳಿಕೊಡುವುದು ಹೆಚ್ಚಿನ ವೆಚ್ಚವಿಲ್ಲದ ಕ್ರಮಗಳು. ಸೆಳವು ಬಂದ ಸಮಯ, ಅವಧಿ ಮತ್ತು ಲಕ್ಷಣವನ್ನು ಶಿಕ್ಷಕರು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ವೈದ್ಯರಿಗೆ ಉಪಯೋಗವಾಗುತ್ತದೆ. ಓಟ, ಕಬಡ್ಡಿ, ಖೋಖೋಗಳಿಂದ ಮಗುವನ್ನು ಹೊರಗಿಡುವ ಅಗತ್ಯ ಸಾಮಾನ್ಯವಾಗಿ ಇಲ್ಲ. ಈಜು, ಬಾವಿಕಟ್ಟೆ, ಮರ ಹತ್ತುವುದು ಮತ್ತು ತೆರೆದ ಒಲೆಯ ಬಳಿ ಮಾತ್ರ ಹಿರಿಯರ ಕಣ್ಗಾವಲು ಬೇಕು.

ಕರ್ನಾಟಕದಲ್ಲಿ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಪಡೆದ ವಿದ್ಯಾರ್ಥಿಗಳಿಗೆ ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರ ನೆರವು ಮುಂತಾದ ರಿಯಾಯಿತಿಗಳು ದೊರೆಯುತ್ತವೆ.

ಪ್ರಥಮ ಚಿಕಿತ್ಸೆ

ಮೈ ಜಾಡಿಸುವ ಸೆಳವು ಬಂದಾಗ ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಿ, ತಲೆಯಡಿ ಮೆತ್ತನೆಯ ಬಟ್ಟೆಯಿಟ್ಟು, ಕೊರಳಿನ ಬಟ್ಟೆ ಸಡಿಲಿಸಿ, ಸುತ್ತಲಿನ ಅಪಾಯಕರ ವಸ್ತುಗಳನ್ನು ಸರಿಸಬೇಕು. ಗಡಿಯಾರ ನೋಡಿ ಸಮಯ ಗುರುತಿಸಬೇಕು. ಬಾಯಿಗೆ ಚಮಚ, ಬಟ್ಟೆ, ನೀರು ಅಥವಾ ಮಾತ್ರೆ ಹಾಕಬಾರದು. ಕೈಕಾಲುಗಳನ್ನು ಅದುಮಿ ಹಿಡಿಯಬಾರದು. ಕೈಗೆ ಕಬ್ಬಿಣದ ಬೀಗದಕೈ ಕೊಡುವುದು, ಈರುಳ್ಳಿ ಅಥವಾ ಚಪ್ಪಲಿ ಮೂಸಿಸುವುದು ರೂಢಿಯಲ್ಲಿದ್ದರೂ ಅವುಗಳಿಂದ ಸೆಳವು ನಿಲ್ಲುವುದಿಲ್ಲ. ಹೆಚ್ಚಿನ ಸೆಳವುಗಳು ಎರಡು ಮೂರು ನಿಮಿಷಗಳಲ್ಲಿ ತಾವಾಗಿ ನಿಲ್ಲುವುದೇ ಈ ನಂಬಿಕೆ ಉಳಿದುಬರಲು ಕಾರಣ. ಸೆಳವು ಐದು ನಿಮಿಷ ಮೀರಿದರೆ, ಎಚ್ಚರವಾಗದೆ ಮತ್ತೆ ಬಂದರೆ, ನೀರಿನಲ್ಲಿ ಬಂದರೆ ಅಥವಾ ಇದೇ ಮೊದಲ ಸೆಳವಾಗಿದ್ದರೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸಾಗಿಸಬೇಕು. ವೈದ್ಯರು ಮೊದಲೇ ಸೂಚಿಸಿದ್ದರೆ ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಅನ್ನು ಮನೆಯವರೇ ಕೊಡಬಹುದು.

ಕಲಬುರಗಿ ಭಾಗದಲ್ಲಿ ಸೇವೆಗಳು

ಕಲಬುರಗಿಯಿಂದ ನಿಮ್ಹಾನ್ಸ್ ಇರುವ ಬೆಂಗಳೂರು ಸುಮಾರು 600 ಕಿ.ಮೀ. ದೂರದಲ್ಲಿದೆ, ಹೈದರಾಬಾದ್ ಮತ್ತು ಸೊಲ್ಲಾಪುರ ಅದಕ್ಕಿಂತ ಬಹಳ ಹತ್ತಿರ. ನಗರದಲ್ಲಿ ಗುಲಬರ್ಗಾ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ಜಿಮ್ಸ್), ಇಎಸ್‌ಐಸಿ ವೈದ್ಯಕೀಯ ಕಾಲೇಜು ಮತ್ತು 1963ರಲ್ಲಿ ಸ್ಥಾಪನೆಯಾದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜುಗಳಿವೆ. ನಗರದ ಜೇವರ್ಗಿ ಕಾಲೋನಿಯಂಥ ಬಡಾವಣೆಯ ಕುಟುಂಬಕ್ಕೆ ಆಸ್ಪತ್ರೆ ಕೆಲವೇ ಕಿ.ಮೀ. ದೂರ. ಕಮಲಾಪುರ ತಾಲ್ಲೂಕಿನ ಹಳ್ಳಿ ಅಥವಾ ತಾಂಡಾದ ಕುಟುಂಬಕ್ಕೆ ತಿಂಗಳ ಮಾತ್ರೆಗಾಗಿ ನಗರಕ್ಕೆ ಬರುವುದೆಂದರೆ ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು. ಕೆಲಸಕ್ಕಾಗಿ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ವಲಸೆ ಹೋಗುವ ಕುಟುಂಬಗಳ ಮಕ್ಕಳಿಗೆ ಶಾಲೆ ಮತ್ತು ಔಷಧ ಎರಡೂ ಒಟ್ಟಿಗೆ ತಪ್ಪುವ ಅಪಾಯವಿದೆ. ಇಂಥ ಕುಟುಂಬಗಳು ಹೊರಡುವ ಮುನ್ನ ಸಾಕಷ್ಟು ದಿನಗಳ ಮಾತ್ರೆ ಮತ್ತು ಔಷಧದ ಹೆಸರು, ಪ್ರಮಾಣ ಬರೆದ ಚೀಟಿಯನ್ನು ಜೊತೆಗಿಟ್ಟುಕೊಳ್ಳುವುದು ಅವಶ್ಯ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯಕೀಯ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಭೇಟಿ ನೀಡಿ 18 ವರ್ಷದವರೆಗಿನ ಮಕ್ಕಳನ್ನು ತಪಾಸಣೆ ಮಾಡುತ್ತವೆ. ಸೆಳವಿನ ಕಾಯಿಲೆ, ಬೆಳವಣಿಗೆಯ ವಿಳಂಬ, ಕಲಿಕಾ ನ್ಯೂನತೆ ಮತ್ತು ಗಮನದ ಕೊರತೆ ಈ ತಪಾಸಣೆಯ ಪಟ್ಟಿಯಲ್ಲಿವೆ. ನಿಮ್ಹಾನ್ಸ್ ಸಹಯೋಗದಲ್ಲಿ ರಾಜ್ಯ ಸರ್ಕಾರವು 2022ರಲ್ಲಿ ಆರಂಭಿಸಿದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವು ಅಪಸ್ಮಾರ, ಪಾರ್ಶ್ವವಾಯು, ತಲೆನೋವು ಮತ್ತು ಮರೆಗುಳಿತನಗಳ ಚಿಕಿತ್ಸೆಯನ್ನು ಜಿಲ್ಲಾ ಮಟ್ಟಕ್ಕೆ ತರುವ ಉದ್ದೇಶ ಹೊಂದಿದೆ.

ಸಮಾಜ ಮತ್ತು ಕಾನೂನು

ಅಪಸ್ಮಾರವನ್ನು ಗಾಳಿ, ಮಾಟ ಅಥವಾ ದೈವದ ಮುನಿಸೆಂದು ಭಾವಿಸಿ ಚಿಕಿತ್ಸೆಯನ್ನು ಮುಂದೂಡುವುದು ಇಂದಿಗೂ ಕಾಣುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಮದುವೆಗೆ ಅಡ್ಡಿಯಾದೀತೆಂಬ ಭಯದಿಂದ ಕಾಯಿಲೆಯನ್ನೇ ಮುಚ್ಚಿಡಲಾಗುತ್ತದೆ. ಮುಚ್ಚಿಟ್ಟ ಕಾಯಿಲೆಗೆ ಮಾತ್ರೆಯೂ ಗುಟ್ಟಾಗಿ, ತಪ್ಪಿತಪ್ಪಿ ಸಿಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ ಮತ್ತು 1954ರ ವಿಶೇಷ ವಿವಾಹ ಕಾಯ್ದೆಗಳಲ್ಲಿ ಅಪಸ್ಮಾರವನ್ನು ಮದುವೆಗೆ ಅಡ್ಡಿಯಾಗಿ ಹೇಳಲಾಗಿತ್ತು. ಭಾರತೀಯ ಅಪಸ್ಮಾರ ಸಂಘ ಮತ್ತಿತರರ ಪ್ರಯತ್ನದ ಫಲವಾಗಿ 1999ರ ತಿದ್ದುಪಡಿಯಿಂದ ಆ ಪದವನ್ನು ತೆಗೆದುಹಾಕಲಾಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿದೆ. ಸೆಳವು ಬರುತ್ತದೆಂಬುದು ಆ ಹಕ್ಕನ್ನು ಕಸಿಯಲು ಕಾರಣವಾಗದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ನ್ಯೂನತೆಗಳಲ್ಲಿ ಅಪಸ್ಮಾರದ ಹೆಸರು ಪ್ರತ್ಯೇಕವಾಗಿಲ್ಲ. ಆದರೆ ಅದರೊಂದಿಗೆ ಕಾಣುವ ಬೌದ್ಧಿಕ ನ್ಯೂನತೆ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಗಳು ಸೇರಿವೆ. ಭಾರತದಲ್ಲಿ ನವೆಂಬರ್ 17ನ್ನು ರಾಷ್ಟ್ರೀಯ ಅಪಸ್ಮಾರ ದಿನವಾಗಿ ಆಚರಿಸಲಾಗುತ್ತದೆ. ವಿಶ್ವ ಆರೋಗ್ಯ ಸಭೆಯು 2022ರಲ್ಲಿ ಅಪಸ್ಮಾರ ಮತ್ತಿತರ ನರಸಂಬಂಧಿ ಕಾಯಿಲೆಗಳಿಗಾಗಿ 2031ರವರೆಗಿನ ಜಾಗತಿಕ ಕ್ರಿಯಾಯೋಜನೆಗೆ ಒಪ್ಪಿಗೆ ನೀಡಿದೆ.

ಮುನ್ನೋಟ

ಬಾಲ್ಯದ ಅಪಸ್ಮಾರದ ಹಲವು ಬಗೆಗಳು ವಯಸ್ಸಾದಂತೆ ತಾವಾಗಿ ಶಮನವಾಗುತ್ತವೆ. ಅಪಸ್ಮಾರದಿಂದ ಹಠಾತ್ ಸಾವು ಮಕ್ಕಳಲ್ಲಿ ಅಪರೂಪ. ವರ್ಷಕ್ಕೆ ಸುಮಾರು 4,500 ಮಕ್ಕಳಲ್ಲಿ ಒಬ್ಬರಿಗೆ ಸಂಭವಿಸುತ್ತದೆಂದು ಅಂದಾಜಿದ್ದು, ಸೆಳವುಗಳ ಹತೋಟಿಯಿಂದ ಆ ಅಪಾಯ ತಗ್ಗುತ್ತದೆ. ಕಲಿಕೆಯ ದೃಷ್ಟಿಯಿಂದ ಭವಿಷ್ಯವು ಕಾಯಿಲೆಯ ಮೂಲಕಾರಣ, ಆರಂಭವಾದ ವಯಸ್ಸು ಮತ್ತು ಸೆಳವುಗಳ ಹತೋಟಿಯನ್ನು ಅವಲಂಬಿಸಿದೆ. ಇವುಗಳಲ್ಲಿ ಮೊದಲಿನ ಎರಡು ಯಾರ ಕೈಯಲ್ಲಿಯೂ ಇಲ್ಲ. ಬೇಗನೆ ಗುರುತಿಸಿ ಚಿಕಿತ್ಸೆ ಆರಂಭಿಸುವುದು, ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು, ಕಲಿಕೆ ಮತ್ತು ನಡವಳಿಕೆಯನ್ನು ಕಾಲಕಾಲಕ್ಕೆ ಪರಿಶೀಲಿಸುವುದು ಹಾಗೂ ಮಗುವನ್ನು ಶಾಲೆಯಿಂದ ಬಿಡಿಸದಿರುವುದು ಕುಟುಂಬ, ಶಾಲೆ ಮತ್ತು ಆಸ್ಪತ್ರೆಗಳಿಗೆ ಸಾಧ್ಯವಿರುವ ಕೆಲಸಗಳು.